ಜರ್ಮನ್ ಜೋಡುನಳಿಗೆ ಕೋವಿ: ಗುರುತು ಮತ್ತು ಬೆಲೆ

ಅಜ್ಜ, ಮುತ್ತಜ್ಜರ ಕಾಲದಿಂದ ಮನೆಯಲ್ಲಿ ಉಳಿದುಬಂದ, ಜರ್ಮನಿಯಲ್ಲಿ ತಯಾರಾದ ಎರಡು ನಳಿಗೆಯ ತೋಟಾ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಇದು ‘ಡಿಬಿಬಿಎಲ್’ ಎಂದು ನಮೂದಾಗುತ್ತದೆ. ಇದರ ಬೆಲೆ ಕಟ್ಟಬೇಕಾದವರು ಮೊದಲು ಓದಬೇಕಾದದ್ದು ನಳಿಗೆಯ ಅಡಿಭಾಗವನ್ನು. ಮೇಲೆ ಕೊರೆದ ಹೆಸರನ್ನಲ್ಲ.

ಇಂಥ ಕೋವಿಗಳಿಗೆ ಇಲ್ಲಿ ಬೇಟೆಯ ಹಿನ್ನೆಲೆಯಿದೆ. ಹಾಸನ ಜಿಲ್ಲೆಯ ಹುಲಿಕೆರೆ, ಹಳೇಬೀಡಿನ ಬಯಲು ದಾಟಿ ಬೇಲೂರಿನಿಂದ ಪಡುವಣಕ್ಕೆ ಹೋದರೆ ಕಾಫಿ ತೋಟಗಳ ಸೀಮೆ. ಆ ಸೀಮೆಯ ಮಂಜರಾಬಾದಿನಲ್ಲಿ 1850ರ ದಶಕದಲ್ಲಿ ನೆಲೆಸಿದ ತೋಟಗಾರ ರಾಬರ್ಟ್ ಎಚ್. ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಕಾಫಿಯ ಜೊತೆಗೇ ಬೇಟೆಯನ್ನೂ ವಿವರವಾಗಿ ಬರೆದಿದ್ದಾನೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಜಾಗಕ್ಕೆ ಹಿಂದಿನಿಂದ ತೋಟಾ ಹಾಕುವ ಕೋವಿ ಬಂದದ್ದು ಆ ಶತಮಾನದ ಉತ್ತರಾರ್ಧದಲ್ಲಿ. 1878ರ ಆಯುಧ ಕಾಯ್ದೆ ಲೈಸೆನ್ಸನ್ನು ಕಡ್ಡಾಯ ಮಾಡಿತು. ಕೊಡಗಿನ ದಾರಿ ಬೇರೆ: 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ನಡೆದುಬಂದಿದೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅನ್ವಯಿಸುತ್ತದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಜರ್ಮನ್ ಬೇಟೆ ಕೋವಿಗಳ ತವರು ಥೂರಿಂಗಿಯಾದ ಸೂಲ್ ಪಟ್ಟಣ. 1751ರಲ್ಲಿ ಆರಂಭವಾದ ಸೌವರ್, ಆಮೇಲಿನ ಸಿಮ್ಸನ್, ಹೇನಲ್, ಮರ್ಕೆಲ್ ಎಲ್ಲವೂ ಅಲ್ಲಿಯವೇ. 1914ರ ಯುದ್ಧ ಆಮದನ್ನು ನಿಲ್ಲಿಸಿತು. ಆದ್ದರಿಂದ ಇಂಥ ಕೋವಿ ಆ ಯುದ್ಧಕ್ಕೆ ಮೊದಲಿನದೋ ಎರಡು ಮಹಾಯುದ್ಧಗಳ ನಡುವಿನದೋ ಎಂದು ನೋಡುವುದು ಮೊದಲ ಕೆಲಸ. ‘ಜಿಡಿಆರ್’ ಮುದ್ರೆಯಿದ್ದರೆ ಅದು ಎರಡನೆಯ ಯುದ್ಧದ ನಂತರದ ಪೂರ್ವ ಜರ್ಮನಿಯದು.

ನಳಿಗೆಯನ್ನು ಹಿಡಿಯಿಂದ ಬಿಡಿಸಿ ತಿರುಗಿಸಿದರೆ ಪರೀಕ್ಷಾ ಮುದ್ರೆಗಳು ಕಾಣುತ್ತವೆ. ಜರ್ಮನಿಯಲ್ಲಿ 1891ರ ಕಾಯ್ದೆಯ ಪ್ರಕಾರ ಪ್ರತಿ ನಳಿಗೆಯನ್ನೂ ಸರ್ಕಾರಿ ಪರೀಕ್ಷೆಗೆ ಒಡ್ಡಬೇಕಿತ್ತು. ಕಿರೀಟದ ಕೆಳಗೆ ‘ಯು’ ಇದ್ದರೆ ತಪಾಸಣೆಯಾಗಿದೆ. ‘ಎಸ್’ ಇದ್ದರೆ ಚರೆಯ ನಳಿಗೆ. ‘ಡಬ್ಲ್ಯು’ ಇದ್ದರೆ ಬಾಯಿ ಕಿರಿದಾದ ಚೋಕ್ ನಳಿಗೆ. ವೃತ್ತದೊಳಗಿನ 12 ಅಥವಾ 16 ಬೋರ್ ತಿಳಿಸುತ್ತದೆ. 1920ರ ದಶಕದ ಕೋವಿಗಳಲ್ಲಿ ಪರೀಕ್ಷೆಯ ತಿಂಗಳು, ವರ್ಷವನ್ನು ಸೂಚಿಸುವ ಅಂಕಿಗಳೂ ಸಿಗುತ್ತವೆ. 1940ರಿಂದ ಕಿರೀಟದ ಬದಲು ಹದ್ದು ಬಂತು. ಮರದ ಹಿಡಿಯಲ್ಲಿ ಕೆನ್ನೆ ಒರಗುವ ಉಬ್ಬು, ಹೆಗಲ ಪಟ್ಟಿಗೆ ಬಳೆ, ನಳಿಗೆಯ ಹಿಂತುದಿಯನ್ನು ಬಂಧಿಸುವ ಗ್ರೀನರ್ ಅಡ್ಡಕೀಲಿ ಇದ್ದರೆ ಜರ್ಮನ್ ಕೆಲಸವೆಂಬ ಊಹೆ ಬಲಗೊಳ್ಳುತ್ತದೆ. ಅಡ್ಡಕೀಲಿ ಮಾತ್ರ ಇಂಗ್ಲೆಂಡಿನ ಗ್ರೀನರನ ರಚನೆ, ಅದೊಂದನ್ನೇ ನಂಬಬಾರದು.

ತಪ್ಪು ಹೆಚ್ಚಾಗುವುದು ಹೆಸರಿನಲ್ಲಿ. ‘ಕ್ರುಪ್’ ಎಂದು ಕೊರೆದಿದ್ದರೆ ಅದು ನಳಿಗೆಯ ಉಕ್ಕನ್ನು ಹೇಳುತ್ತದೆ, ಕೋವಿ ಮಾಡಿದವರನ್ನಲ್ಲ. ಮದರಾಸಿನ ಪಿ. ಓರ್, ಕಲ್ಕತ್ತೆಯ ರೋಡಾ ಮುಂತಾದ ಅಂಗಡಿಗಳು ಬೇರೆಯವರು ಮಾಡಿದ ಕೋವಿಗಳನ್ನೂ ಮಾರುತ್ತಿದ್ದವು.

ಬಳಸುವ ಮುನ್ನ ತೋಟಾ ಕೂರುವ ಕೋಣೆಯ ಉದ್ದ ಅಳೆಯಲೇಬೇಕು. ಹಳೆಯ ಜರ್ಮನ್ ಕೋವಿಗಳಲ್ಲಿ ಇದು ಅನೇಕ ವೇಳೆ 65 ಮಿ.ಮೀ.; ಈಗಿನ ಸಾಮಾನ್ಯ ತೋಟಾ 70 ಮಿ.ಮೀ. ಅದೂ ಒಳಗೆ ಸಲೀಸಾಗಿ ಕೂರುತ್ತದೆ. ಆದರೆ ಈಡು ಹಾರಿದಾಗ ತೋಟಾದ ಮಡಿಕೆ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯಕಾರಿಯಾಗಿ ಏರುತ್ತದೆ. ಬಲ್ಲ ಕೋವಿ ರಿಪೇರಿಯವರಿಗೆ ತೋರಿಸದೆ ಪರೀಕ್ಷಾರ್ಥವಾಗಿಯೂ ಈಡು ಹೊಡೆಯಕೂಡದು.

ಬೆಲೆಯನ್ನು ಎರಡು ಸಂಗತಿಗಳು ಎಳೆದಾಡುತ್ತವೆ. 1980ರ ದಶಕದಲ್ಲಿ ಜನಸಾಮಾನ್ಯರಿಗೆ ವಿದೇಶಿ ಕೋವಿಯ ಆಮದು ನಿಂತದ್ದರಿಂದ ಹಳೆಯವುಗಳಿಗೆ ಬೇಡಿಕೆ ಏರಿತು. ಇತ್ತ 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಳ್ಳುವವರಿಗೂ ಲೈಸೆನ್ಸ್ ಬೇಕಾದ್ದರಿಂದ ಮಾರುಕಟ್ಟೆ ಕಿರಿದು. ಹೀಗಾಗಿ ಯುರೋಪಿನ ಹರಾಜಿನ ದರ ಹಾಸನದಲ್ಲಿ ಅಳತೆಗೋಲಾಗದು. ನಳಿಗೆಯೊಳಗಿನ ತುಕ್ಕಿನ ಗುಳಿ, ಎರಡು ನಳಿಗೆ ಬೆಸೆದಿರುವ ಬಿಗಿ, ಕ್ರಮಸಂಖ್ಯೆ ಎಲ್ಲ ಭಾಗಗಳಲ್ಲೂ ಒಂದೇ ಇರುವುದು, ಕಾಗದಪತ್ರ: ಬೆಲೆ ನಿಲ್ಲುವುದು ಇವುಗಳ ಮೇಲೆ. ಹೊಳಪಿಗಾಗಿ ಮರಳುಕಾಗದದಿಂದ ಉಜ್ಜಿ ಮುದ್ರೆ ಅಳಿಸುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಲೈಸೆನ್ಸ್‌ದಾರರು ತೀರಿಕೊಂಡರೆ ಕೋವಿ ತಾನಾಗಿಯೇ ಮಕ್ಕಳದಾಗದು. 2016ರ ಆಯುಧ ನಿಯಮಗಳಂತೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಬಹುದು. ಲೈಸೆನ್ಸ್‌ದಾರರಿಗೆ 70 ವರ್ಷವಾದರೆ ಬದುಕಿರುವಾಗಲೇ ವರ್ಗಾವಣೆಗೆ ಅವಕಾಶವಿದೆ. ವಾರಸುದಾರರಿಗೆ ಲೈಸೆನ್ಸ್ ಸಿಗುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಪಡೆದ ಮಾರಾಟಗಾರರಲ್ಲಿ ಠೇವಣಿ ಇಡಬೇಕು. ನಳಿಗೆಗೆ ಎಣ್ಣೆ ಸವರಿ, ಮುದ್ರೆಗಳ ಫೋಟೊ ತೆಗೆದು, ರಸೀದಿಯಲ್ಲಿ ಕ್ರಮಸಂಖ್ಯೆ ಬರೆಸಿಕೊಂಡೇ ಒಪ್ಪಿಸುವುದು ಲೇಸು.