ಥ್ರೆಡ್ ಬದಲಾದರೆ ಲಾಗಿನ್ ಯಾರದ್ದು?

2002ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ವೆಬ್ ಚೌಕಟ್ಟಾದ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಪ್ರೋಗ್ರಾಮರುಗಳಿಗೆ ಬಹಳ ಹಿಡಿಸಿದ ಒಂದು ಅನುಕೂಲವಿತ್ತು. ಲಾಗಿನ್ ಆದವರು ಯಾರು, ಅವರ ಸೆಷನ್‌ನಲ್ಲಿ ಏನಿದೆ ಎಂಬುದನ್ನು ಕೋಡಿನ ಯಾವ ಮೂಲೆಯಲ್ಲಿ ನಿಂತು ಬೇಕಾದರೂ 'ಎಚ್‌ಟಿಟಿಪಿ ಕಾಂಟೆಕ್ಸ್ಟ್ ಕರೆಂಟ್' ಎಂದು ಕೇಳಿದರೆ ಸಿಗುತ್ತಿತ್ತು. ಸಾಮಾನ್ಯವಾಗಿ ಒಂದು ರಿಕ್ವೆಸ್ಟನ್ನು ಒಂದೇ ಥ್ರೆಡ್ (ಸರ್ವರಿನಲ್ಲಿ ಕೋಡ್ ಓಡಿಸುವ ಎಳೆ) ಮೊದಲಿನಿಂದ ಕೊನೆಯವರೆಗೆ ನೋಡಿಕೊಳ್ಳುತ್ತಿದ್ದ ಕಾಲ ಅದು. ವಿವರಗಳನ್ನು ಥ್ರೆಡ್ಡಿಗೇ ಅಂಟಿಸಿಟ್ಟರೆ ಕೆಲಸ ಮುಗಿಯಿತು. ಜಾವಾದಲ್ಲಿ 1998ರ 1.2 ಆವೃತ್ತಿಯ 'ಥ್ರೆಡ್‌ಲೋಕಲ್' ಇದೇ ನಂಬಿಕೆಯ ಮೇಲೆ ನಿಂತಿತ್ತು.

ಆದರೆ ಡೇಟಾಬೇಸಿನ ಉತ್ತರಕ್ಕೆ ಕಾಯುವ ಥ್ರೆಡ್ ಬೇರಾವ ಕೆಲಸಕ್ಕೂ ಬಾರದು. 2012ರ ಸಿ ಶಾರ್ಪ್ 5 'ಅಸಿಂಕ್', 'ಅವೇಟ್' ಪದಗಳನ್ನು ತಂದು, ಕಾಯುವ ಹೊತ್ತಿನಲ್ಲಿ ಥ್ರೆಡ್ಡನ್ನು ಬಿಡುಗಡೆ ಮಾಡುವುದನ್ನು ಸುಲಭವಾಗಿಸಿತು. ಉತ್ತರ ಬಂದಾಗ ಮುಂದಿನ ಸಾಲುಗಳನ್ನು ಓಡಿಸುವುದು ಬೇರೊಂದು ಥ್ರೆಡ್ ಇರಬಹುದು. ಅದಕ್ಕೆ ಲಾಗಿನ್ ಆದವರ ಗುರುತು ಹೇಗೆ ಗೊತ್ತಾಗಬೇಕು?

ಉತ್ತರ ಎಂಬಂತೆ 'ಸಿಂಕ್ರೊನೈಸೇಶನ್ ಕಾಂಟೆಕ್ಸ್ಟ್' ಇತ್ತು; ಡಾಟ್ ನೆಟ್ 2.0ರಲ್ಲಿ, 2005ರಲ್ಲೇ ಬಂದದ್ದು. ಅವೇಟ್ ಮುಗಿದೊಡನೆ ಅದು ಹಳೆಯ ಕಾಂಟೆಕ್ಸ್ಟನ್ನು ಹೊಸ ಥ್ರೆಡ್ಡಿಗೆ ಹೊದಿಸುತ್ತಿತ್ತು. ಷರತ್ತು ಒಂದೇ: ಒಂದು ರಿಕ್ವೆಸ್ಟಿನ ಕಾಂಟೆಕ್ಸ್ಟಿನೊಳಗೆ ಒಮ್ಮೆಗೆ ಒಂದೇ ಥ್ರೆಡ್. ಹಳೆಯ ಕೋಡಿಗೆ ಅಸಿಂಕ್ ಸೇರಿಸುವವರು 'ಅವೇಟ್' ಬರೆಯುವ ಬದಲು 'ರಿಸಲ್ಟ್' ಎಂದು ಕೇಳಿ ಥ್ರೆಡ್ಡನ್ನು ತಡೆದು ನಿಲ್ಲಿಸಿದರೆ ಕಥೆ ಮುಗಿಯಿತು. ಒಳಗಿನ ಥ್ರೆಡ್ ಉತ್ತರಕ್ಕೆ ಕಾಯುತ್ತದೆ. ಉತ್ತರ ಹೊತ್ತ ಕೆಲಸ, ಒಳಗಿನದು ಹೊರಬರಲೆಂದು ಕಾಯುತ್ತದೆ. ಎರಡು ಬಸ್ಸುಗಳು ಓಣಿಯಲ್ಲಿ ಎದುರುಬದುರಾದಂತೆ! ಎರರ್ ಮೆಸೇಜೂ ಬರುತ್ತಿರಲಿಲ್ಲ, ಪುಟ ತೆರೆಯುತ್ತಲೇ ಇರಲಿಲ್ಲ. ಲೈಬ್ರರಿ ಬರೆಯುವವರು ಪ್ರತಿ ಅವೇಟ್ ಮುಂದೆ, ಹಳೆಯ ಕಾಂಟೆಕ್ಸ್ಟಿಗೆ ಮರಳುವುದು ಬೇಡ ಎಂಬರ್ಥದಲ್ಲಿ, 'ಕಾನ್ಫಿಗರ್‌ಅವೇಟ್ ಫಾಲ್ಸ್' ಎಂದು ಹಚ್ಚತೊಡಗಿದ್ದು ಇದಕ್ಕೇ. ನೋಡಲು ಚೆಂದವಲ್ಲದಿದ್ದರೂ ಕೆಲಸಕ್ಕೆ ಬರುತ್ತಿತ್ತು.

2016ರ ಎಎಸ್‌ಪಿ ಡಾಟ್ ನೆಟ್ ಕೋರ್ ಸಿಂಕ್ರೊನೈಸೇಶನ್ ಕಾಂಟೆಕ್ಸ್ಟಿನ ಏರ್ಪಾಟನ್ನೇ ಕಿತ್ತುಹಾಕಿತು. ಗುರುತು ಬೇಕಾದವರಿಗೆ, ಹಿಂದಿನ ವರ್ಷವೇ ಬಂದಿದ್ದ 'ಅಸಿಂಕ್‌ಲೋಕಲ್' ನೆರವಿಗಿತ್ತು. ಅದರಲ್ಲಿಟ್ಟ ಮೌಲ್ಯ ಥ್ರೆಡ್ಡಿಗೆ ಅಂಟದೆ, ಅಸಿಂಕ್ ಕರೆಯ ಜೊತೆಗೇ ಸಾಗುತ್ತದೆ. ಪೈಥಾನ್ 2018ರಲ್ಲಿ, ನೋಡ್ ಜೆಎಸ್ 2020ರಲ್ಲಿ ಇಂಥದ್ದೇ ವ್ಯವಸ್ಥೆ ಮಾಡಿಕೊಂಡವು.

ಗೋ ಭಾಷೆಯವರು ಮಾತ್ರ ಗುಟ್ಟಾಗಿ ಸಾಗಿಸುವುದನ್ನು ಒಪ್ಪಲಿಲ್ಲ. 2016ರ ಗೋ 1.7ರಲ್ಲಿ ಪ್ರಮಾಣಿತ ಲೈಬ್ರರಿ ಸೇರಿದ ಅವರ 'ಕಾಂಟೆಕ್ಸ್ಟ್' ಪ್ಯಾಕೇಜಿನ ಕಾಂಟೆಕ್ಸ್ಟ್ ಮೌಲ್ಯವನ್ನು ಫಂಕ್ಷನ್ನಿಗೆ ಮೊದಲ ಆರ್ಗ್ಯುಮೆಂಟಾಗಿ ಕೈಯಾರೆ ಕೊಡಬೇಕು. ಬರೆಯಲು ಬೇಸರ, ಓದುವಾಗ ಮಾತ್ರ ಯಾವುದೂ ಮುಚ್ಚುಮರೆಯಿಲ್ಲ. ಬಳಕೆದಾರರು ಬ್ರೌಸರ್ ಮುಚ್ಚಿದರೆ ಆ ಕಾಂಟೆಕ್ಸ್ಟ್ ರದ್ದಾಗಿ, ಅದನ್ನು ಗಮನಿಸುವ ಡೇಟಾಬೇಸ್ ಕರೆಗಳೂ ನಿಲ್ಲುತ್ತವೆ. ಆದರೆ ರಿಕ್ವೆಸ್ಟ್ ಮುಗಿದ ಮೇಲೂ ಬರೆಯಬೇಕಾದ ಲಾಗ್ ದಾಖಲೆಯ ಗತಿ? 2023ರ ಗೋ 1.21ರಲ್ಲಿ, ಮೌಲ್ಯಗಳನ್ನು ಉಳಿಸಿಕೊಂಡು ರದ್ದತಿಯನ್ನು ಮಾತ್ರ ಬಿಡಿಸಿಕೊಳ್ಳುವ 'ವಿದೌಟ್‌ಕ್ಯಾನ್ಸಲ್' ಬಂತು.