ಕತ್ತರಿಸುವ ಯಂತ್ರಕ್ಕೆ ಕನ್ನಡ ಅಕ್ಷರ

ಗಣಪತಿಯ ಮಖರಕ್ಕೂ ರಾಜ್ಯೋತ್ಸವದ ವೇದಿಕೆಗೂ ಬೇಕಾದ ಅಕ್ಷರಗಳನ್ನು ಖಡಕಿಯ ನಮ್ಮವರು ಥರ್ಮಾಕೋಲಿನಲ್ಲಿ ಬ್ಲೇಡಿನಿಂದ ಕೊರೆಯುತ್ತಿದ್ದ ಕಾಲವೊಂದಿತ್ತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮಾಕೋಲಿನ ಅಲಂಕಾರವನ್ನು ನಿಷೇಧಿಸಿತು. ರಟ್ಟು, ಬಣ್ಣದ ಕಾಗದಗಳು ಬಂದವು. ಅವನ್ನು ಕತ್ತರಿಸಲು ಈಗ ಮೇಜಿನ ಮೇಲಿಡುವಷ್ಟು ಚಿಕ್ಕ ಯಂತ್ರಗಳಿವೆ. ಆದರೆ ಯಂತ್ರಕ್ಕೆ ಎಂಥ ಕಡತ ಕೊಡಬೇಕು?

ರಂಗೋಲಿ ಬಲ್ಲ ಗೃಹಿಣಿಯರಿಗೆ ಇದು ಬೇಗ ತಿಳಿದೀತು. ಜೆಪೆಗ್ (1992), ಪಿಎನ್‌ಜಿ (1996) ಚಿತ್ರಗಳಲ್ಲಿರುವುದು ಬರೀ ಚುಕ್ಕಿ. ಅಲಗಿಗೆ ಬೇಕಾದದ್ದು ಎಳೆ. ಚುಕ್ಕಿಗಳ ನಡುವೆ ಅಂಚನ್ನು ತಂತ್ರಾಂಶವೇ ಊಹಿಸಬೇಕು. ಚಿತ್ರ ಮಸುಕಾಗಿದ್ದರೆ ನಮ್ಮ ದುಂಡನೆಯ ಅಕ್ಷರಗಳಿಗೆ ಗರಗಸದ ಹಲ್ಲು ಬರುತ್ತವೆ.

ಬಾಗಿದ ಎಳೆಯನ್ನು ಅಂಕಿಗಳಲ್ಲಿ ಹಿಡಿದಿಡುವ ವಿದ್ಯೆ ಬೆಳೆದದ್ದು ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ. 1959ರಲ್ಲಿ ಸಿಟ್ರೋಯನ್‌ನ ಪಾಲ್ ದ ಕಾಸ್ತೆಲ್ಜೊ, ಅನಂತರ ರೆನೋದ ಪಿಯೆರ್ ಬೆಜಿಯೆ, ಕಾರಿನ ಮೈಯ ಬಾಗನ್ನು ಕೆಲವೇ ಬಿಂದುಗಳಿಂದ ವರ್ಣಿಸಿದರು. ಕಾರಿಗಾಗಿ ಹುಟ್ಟಿದ ಗಣಿತ ಅಕ್ಷರಕ್ಕೂ ಒದಗಿತು! 1982ರಲ್ಲಿ ಆಟೋಕ್ಯಾಡ್ ಜೊತೆಗೆ ಡಿಎಕ್ಸ್‌ಎಫ್ ಬಂತು. ಅದು ಎಂಜಿನಿಯರುಗಳ ಕಡತ. ಅಳತೆ ಇಂಚೋ ಮಿಲಿಮೀಟರೋ ಎಂಬುದು ಎಷ್ಟೋ ವೇಳೆ ಅದರಲ್ಲಿ ಸ್ಪಷ್ಟವಿರದು. ತಪ್ಪಿದರೆ ಅಕ್ಷರ 25.4 ಪಟ್ಟು ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. 2001ರಲ್ಲಿ ಅಂತರಜಾಲದ ಒಕ್ಕೂಟವಾದ ಡಬ್ಲ್ಯು3ಸಿ ಅಂಗೀಕರಿಸಿದ ಎಸ್‌ವಿಜಿ ಮನೆಯ ಕೆಲಸಕ್ಕೆ ಮೇಲೆಂದು ನನ್ನ ಅಭಿಪ್ರಾಯ. ಯಂತ್ರದ ತಂತ್ರಾಂಶ ಅದನ್ನು ತೆರೆಯುವುದೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.

ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಹಳೆಯ ಬರಹ, ನುಡಿ ತಂತ್ರಾಂಶಗಳ ಫಾಂಟ್‌ಗಳಲ್ಲಿ ನಮ್ಮ ಅಕ್ಷರಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕುಳಿತಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. 1991ರ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತೇನೋ ನಿಜ. ಆದರೂ ಒತ್ತಕ್ಷರ ಜೋಡಿಸಲು ಬಾರದ ತಂತ್ರಾಂಶದಲ್ಲಿ 'ಕನ್ನಡ' ಎಂಬುದು 'ಕನ್‌ನಡ' ಆಗಿಬಿಡುತ್ತದೆ. ಅಂಗಡಿಯವನಿಗೆ ಕನ್ನಡ ಬಾರದು. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಕಲಿಯುವ ನಮ್ಮ ಮಕ್ಕಳಲ್ಲಿ ಅನೇಕರು ಅದನ್ನೇ ಸರಿಯೆಂದು ನಕಲು ಮಾಡಿಯಾರು.

ಆದ್ದರಿಂದ ಅಕ್ಷರ ಸರಿಯಾಗಿ ಮೂಡಿದ ಗಣಕದಲ್ಲೇ ಅದನ್ನು ಎಳೆಯಾಗಿ ಪರಿವರ್ತಿಸಿ, ಎಸ್‌ವಿಜಿಯಲ್ಲಿ ಉಳಿಸಿ ಅಂಗಡಿಗೆ ಕೊಡಬೇಕು. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ. ಹೀಗೆ ಎಳೆಯಾದದ್ದನ್ನು ಮತ್ತೆ ಬೆರಳಚ್ಚಿಸಿ ತಿದ್ದಲಾಗದು. ಮುಂದಿನ ನವೆಂಬರಿಗೆ ಬೇರೆ ಮಾತು ಬೇಕಾದರೆ, ಅಕ್ಷರವಾಗಿಯೇ ಉಳಿಸಿದ ಇನ್ನೊಂದು ಪ್ರತಿ ಮನೆಯಲ್ಲಿರಲಿ.