2000 ರೂಪಾಯಿ ನೋಟಿನಲ್ಲಿ ಚಿಪ್ ಇತ್ತೇ? ಅಸಲಿಗೆ ಚಿಪ್ ಅಂದರೇನು?

2016ರ ನವೆಂಬರ್‌ನಲ್ಲಿ ನೋಟು ರದ್ದತಿಯ ಬೆನ್ನಲ್ಲೇ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಜೋರಾಗಿ ಹರಿದಾಡಿತು. ಹೊಸ 2000 ರೂಪಾಯಿ ನೋಟಿನೊಳಗೆ 'ನ್ಯಾನೋ ಜಿಪಿಎಸ್ ಚಿಪ್' ಇದೆ, ಅದಕ್ಕೆ ಕರೆಂಟ್ ಬೇಡ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂಬುದು ಅದರ ಸಾರ.

ಇದು ಸುಳ್ಳು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಭದ್ರತಾ ಗುರುತುಗಳ ಪಟ್ಟಿಯಲ್ಲಿ ಚಿಪ್ ಇರಲಿಲ್ಲ. ನೋಟನ್ನು ಓರೆ ಮಾಡಿದಾಗ ಹಸಿರಿನಿಂದ ನೀಲಿಗೆ ತಿರುಗುತ್ತಿದ್ದದ್ದು ಭದ್ರತಾ ದಾರ, ಅಷ್ಟೇ. 2023ರ ಮೇ ತಿಂಗಳಲ್ಲಿ ಆ ನೋಟನ್ನೇ ಚಲಾವಣೆಯಿಂದ ಹಿಂಪಡೆಯುವ ಘೋಷಣೆ ಹೊರಬಿತ್ತು. ಚಿಪ್‌ನ ಕಥೆ ಮಾತ್ರ ಉಳಿಯಿತು. ಕೋವಿಡ್ ಕಾಲದಲ್ಲಿ ಅದು ಲಸಿಕೆಯ ಸೂಜಿಯೊಳಗೂ ಹೊಕ್ಕಿತು. ಹಾಗಾಗಿ ಚಿಪ್ ಅಂದರೇನು, ಅದು ಏನು ಮಾಡಬಲ್ಲದು ಎಂಬುದನ್ನೇ ನೋಡೋಣ.

ಚಿಪ್‌ನ ಪೂರ್ತಿ ಹೆಸರು ಇಂಟಿಗ್ರೇಟೆಡ್ ಸರ್ಕ್ಯೂಟ್. ರಿಪೇರಿ ಅಂಗಡಿಯವರು 'ಐಸಿ ಹೋಗಿದೆ' ಅನ್ನುತ್ತಾರಲ್ಲ, ಅದೇ. ಮೊದಲು ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಒಂದೊಂದಾಗಿ ಬೆಸುಗೆ ಹಾಕಿ ಜೋಡಿಸಬೇಕಿತ್ತು. ಬೆಸುಗೆ ಹೆಚ್ಚಾದಷ್ಟೂ ಕೆಡುವ ಜಾಗವೂ ಹೆಚ್ಚು. 1958ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜಾಕ್ ಕಿಲ್ಬಿ ಇವನ್ನು ಒಂದೇ ಜರ್ಮೇನಿಯಂ ತುಣುಕಿನಲ್ಲಿ ಮಾಡಿ ತೋರಿಸಿದರು. ಮರುವರ್ಷ ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸ್, ಸಿಲಿಕಾನ್ ಮೇಲೆ ತಂತಿಯ ಬದಲು ಲೋಹದ ತೆಳು ಗೆರೆ ಎಳೆಯುವ ದಾರಿ ಕಂಡುಕೊಂಡರು. ಇಂದಿನ ಚಿಪ್‌ಗಳು ಬೆಳೆದದ್ದು ಈ ದಾರಿಯಲ್ಲೇ. 1971ರ ಇಂಟೆಲ್ 4004ರಲ್ಲಿ ಸುಮಾರು 2300 ಟ್ರಾನ್ಸಿಸ್ಟರ್‌ಗಳಿದ್ದವು. ಈಗಿನ ದುಬಾರಿ ಫೋನಿನ ಮುಖ್ಯ ಚಿಪ್‌ನಲ್ಲಿ 1000 ಕೋಟಿಗೂ ಹೆಚ್ಚು. ಅಂದಹಾಗೆ, ಕಿಲ್ಬಿ ಅವರ ಕಂಪನಿಯೇ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು.

ಇಷ್ಟಾದರೂ ಚಿಪ್ ಒಂಟಿಯಾಗಿ ಯಾರಿಗೂ ಸುದ್ದಿ ಮುಟ್ಟಿಸಲಾರದು. ಅಫಜಲಪುರ, ಜೇವರ್ಗಿ ಕಡೆ ಭೀಮಾ ದಂಡೆಯ ಪಂಪ್‌ಸೆಟ್ಟಿಗೋ ಆಳಂದದ ಬೋರ್‌ವೆಲ್ಲಿಗೋ ಹಾಕಿಸುವ ಮೊಬೈಲ್ ಸ್ಟಾರ್ಟರ್ ನೆನಪಿಸಿಕೊಳ್ಳಿ. ಮನೆಯಲ್ಲೇ ಕೂತು ಮೋಟಾರ್ ಚಾಲೂ ಮಾಡಬಹುದು, ಒಳಗೆ ಐಸಿಯೂ ಇದೆ. ಆದರೆ ಕರೆಂಟ್, ಸಿಮ್, ಆಂಟೆನಾ, ಟವರ್ ಸಿಗ್ನಲ್ ಇವುಗಳಲ್ಲಿ ಒಂದು ಕೈಕೊಟ್ಟರೂ ಹೊಲಕ್ಕೆ ನಡೆದೇ ಹೋಗಬೇಕು.

ಕರೆಂಟ್ ಇಲ್ಲದೆ ನಡೆಯುವ ಚಿಪ್ ಇಲ್ಲವೇ? ಇದೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್‌ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಟೋಲ್ ಗೇಟಿನ ಯಂತ್ರ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ವಾಪಸ್ ಕಳಿಸುತ್ತದೆ. ಆ ಫಾರ್ವರ್ಡ್ ನಂಬುವಂತೆ ಕಂಡದ್ದು ಬಹುಶಃ ಇಂಥ ಅರ್ಧ ಸತ್ಯದಿಂದಲೇ. ಆದರೆ ಫಾಸ್ಟ್‌ಟ್ಯಾಗ್ ಓದಲು ಯಂತ್ರ ಕೆಲವೇ ಮೀಟರ್ ದೂರದಲ್ಲಿರಬೇಕು. 'ಟ್ಯಾಪ್' ಮಾಡುವ ಎಟಿಎಂ ಕಾರ್ಡಿಗಂತೂ ಕೆಲವು ಸೆಂಟಿಮೀಟರ್. ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ! ಅವು ಸಂಕೇತ ಬಿತ್ತರಿಸುತ್ತವೆ. ನಮ್ಮ ಫೋನುಗಳಿಂದ ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ನಾವಿರುವ ಜಾಗವನ್ನು ಲೆಕ್ಕ ಹಾಕುವುದು ಫೋನೇ, ಅದನ್ನು ಬೇರೆಯವರಿಗೆ ತಿಳಿಸಲು ಇಂಟರ್ನೆಟ್ ಬೇಕು. ಆ ಸಂಕೇತ ಎಷ್ಟು ದುರ್ಬಲವೆಂದರೆ ಆರ್‌ಸಿಸಿ ಮನೆಯೊಳಗೇ ತಡವರಿಸುತ್ತದೆ, ನೆಲದಡಿಯ ಮಾತು ದೂರವೇ ಉಳಿಯಿತು.

ಲಸಿಕೆಯ ಮಾತೂ ಇದೇ. ನಮ್ಮನ್ನು ದೂರದಿಂದ ಹಿಂಬಾಲಿಸುವ ಸಾಧನಕ್ಕೆ ಬ್ಯಾಟರಿ, ಆಂಟೆನಾ, ಸುದ್ದಿ ಕಳಿಸುವ ಭಾಗ ಎಲ್ಲವೂ ಬೇಕು. ಅಷ್ಟೂ ಸಾಮಾನು ಲಸಿಕೆಯ ಸೂಜಿಯಲ್ಲಿ ತೂರುವುದಿಲ್ಲ. ಈ ಕಥೆ ನಂಬಿ ಮನೆಯಲ್ಲಿ ಯಾರಾದರೂ ಮಗುವಿನ ಲಸಿಕೆ ಮುಂದೂಡುತ್ತಿದ್ದರೆ, ಅವರಿಗೆ ಫಾಸ್ಟ್‌ಟ್ಯಾಗ್‌ನ ಲೆಕ್ಕ ಹೇಳಿ.